ಆನ್‌ಲೈನ್ ಲಾಟರಿ: ಲೆಕ್ಕ ಇಡುವವರು ಯಾರು, ನಂಬರ್ ಎತ್ತುವವರು ಯಾರು?

2025ರ ಜೂನ್ ಕೊನೆಯ ವಾರ ನಾರ್ವೆಯಲ್ಲಿ ಸಾವಿರಾರು ಜನ ಒಮ್ಮೆಲೇ ಸಾಹುಕಾರರಾಗಿಬಿಟ್ಟರು. ಯೂರೋಜಾಕ್‌ಪಾಟ್ ಲಾಟರಿಯಲ್ಲಿ ದೊಡ್ಡ ಮೊತ್ತ ಗೆದ್ದಿದ್ದೀರಿ ಅಂತ ಸಂದೇಶ ಬಂದಿತ್ತು. ಕೆಲವರು ಮನೆ ರಿಪೇರಿ, ಪ್ರವಾಸ ಅಂತ ಲೆಕ್ಕ ಹಾಕಲೂ ಶುರು ಮಾಡಿದ್ದರು. ಆಮೇಲೆ ಗೊತ್ತಾಯಿತು, ಅದು ಯಂತ್ರದ ಎಡವಟ್ಟು. ಬಹುಮಾನದ ಮೊತ್ತ ಯೂರೋ ಸೆಂಟ್‌ಗಳಲ್ಲಿ ಬರುತ್ತದೆ. ಅದನ್ನು ನಾರ್ವೆಯ ಕ್ರೋನರ್‌ಗೆ ಬದಲಿಸುವಾಗ 100ರಿಂದ ಭಾಗಿಸಬೇಕಿತ್ತು. ಪ್ರೋಗ್ರಾಂ 100ರಿಂದ ಗುಣಿಸಿತ್ತು. ಅಂದರೆ ಪ್ರತಿ ಬಹುಮಾನವೂ ಹತ್ತು ಸಾವಿರ ಪಟ್ಟು ಉಬ್ಬಿ ಕಂಡಿತ್ತು. ಲಾಟರಿ ನಡೆಸುವ ಸರ್ಕಾರಿ ಕಂಪನಿ ನಾಶ್ಕ್ ಟಿಪಿಂಗ್ ಕ್ಷಮೆ ಕೇಳಿತು, ಅದರ ಮುಖ್ಯಸ್ಥೆ ರಾಜೀನಾಮೆ ಕೊಟ್ಟರು.

ಆದರೆ ತಪ್ಪು ಮೊತ್ತ ಯಾರ ಖಾತೆಗೂ ಹೋಗಲಿಲ್ಲ. ತಪ್ಪಿದ್ದು ಸಂದೇಶ ಮಾತ್ರ. ಯಾರು ಯಾವ ನಂಬರ್ ಹಿಡಿದಿದ್ದರು, ಯಾರಿಗೆ ಎಷ್ಟು ಸಲ್ಲಬೇಕು ಅನ್ನುವ ಮೂಲ ಲೆಕ್ಕ ಸರಿಯಾಗೇ ಇತ್ತು. ಆನ್‌ಲೈನ್ ಲಾಟರಿಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು. ಆ್ಯಪ್, ವೆಬ್‌ಸೈಟ್, ಬಣ್ಣಬಣ್ಣದ ಚೆಂಡು ಎಲ್ಲ ಅಂಗಡಿಯ ಮುಂಭಾಗ. ಲಾಟರಿ ನಡೆಯುವುದು ಹಿಂದಿನ ಲೆಕ್ಕದ ಕೋಣೆಯಲ್ಲಿ. ಆ ಲೆಕ್ಕ ಯಾರ ಕೈಯಲ್ಲಿದೆ, ನಂಬರ್ ಎತ್ತುವವರು ಯಾರು, ಇಬ್ಬರ ಮೇಲೂ ಕಣ್ಣಿಡುವವರು ಯಾರು? ದೇಶದಿಂದ ದೇಶಕ್ಕೆ ಬದಲಾಗುವುದು ಮುಖ್ಯವಾಗಿ ಇವೇ.

ಕಾಗದದ ಟಿಕೆಟ್‌ನಲ್ಲಿ ನಂಬರ್ ಮೊದಲೇ ಅಚ್ಚಾಗಿರುತ್ತದೆ. ಆ ಚೀಟಿ ಯಾರ ಕೈಯಲ್ಲಿದೆಯೋ ಅವರದ್ದು ಬಹುಮಾನ. ಆನ್‌ಲೈನ್‌ನಲ್ಲಿ ಟಿಕೆಟ್ ಅಂದರೆ ಸರ್ವರ್‌ನಲ್ಲಿ ದಾಖಲಾದ ಒಂದು ಸಾಲು: ಇಂಥವರು, ಇಷ್ಟು ಗಂಟೆಗೆ, ಇಂಥ ನಂಬರ್‌ಗಳಿಗೆ ದುಡ್ಡು ಕಟ್ಟಿದ್ದಾರೆ. ಡ್ರಾ ಆಗುವ ಸ್ವಲ್ಪ ಮೊದಲು ಮಾರಾಟ ನಿಲ್ಲಿಸಿ, ಆ ಸಾಲುಗಳನ್ನೆಲ್ಲ ಮುಚ್ಚಿ ಬೀಗ ಹಾಕಬೇಕು. ಬೀಗ ಬೀಳುವ ಮೊದಲೇ ನಂಬರ್ ಎತ್ತಿದರೆ ಮುಗೀತು, ಒಳಗಿನವರು ಯಾರೋ ಗೆಲ್ಲುವ ಸಾಲನ್ನು ಆಮೇಲೆ ಸೇರಿಸಿಬಿಡಬಹುದು.

ಇದನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ ಅನ್ನುವುದಕ್ಕೆ ಅಮೆರಿಕದ ಹಲವು ರಾಜ್ಯಗಳು ಸೇರಿ ನಡೆಸುವ ಪವರ್‌ಬಾಲ್ ಲಾಟರಿ ಒಳ್ಳೆಯ ಉದಾಹರಣೆ. 2022ರ ನವೆಂಬರ್ 7ರ ರಾತ್ರಿ ಡ್ರಾ ಇತ್ತು. ಜಾಕ್‌ಪಾಟ್ 200 ಕೋಟಿ ಡಾಲರ್ ಹತ್ತಿರ ಹೋಗಿತ್ತು, ಅಲ್ಲಿಯವರೆಗಿನ ದಾಖಲೆ. ದೇಶಕ್ಕೆ ದೇಶವೇ ಟಿವಿ ಮುಂದೆ ಕೂತಿತ್ತು. ಆದರೆ ಡ್ರಾ ಆಗಲಿಲ್ಲ. ಮಿನೆಸೋಟ ಎಂಬ ಒಂದು ರಾಜ್ಯ ತನ್ನ ಮಾರಾಟದ ಲೆಕ್ಕವನ್ನು ಎರಡು ಕಡೆ ತಾಳೆ ನೋಡಿ ಮುಗಿಸಿರಲಿಲ್ಲ. ಉಳಿದ ಎಲ್ಲ ರಾಜ್ಯಗಳೂ ಕಾದವು. ಫ್ಲಾರಿಡಾದ ಟಾಲಹಾಸಿಯಲ್ಲಿ ಚೆಂಡುಗಳು ಉರುಳಿದ್ದು ಮಾರನೇ ದಿನ ಬೆಳಿಗ್ಗೆ. ಜಾಕ್‌ಪಾಟ್ ಗೆದ್ದ ಟಿಕೆಟ್ ಕ್ಯಾಲಿಫೋರ್ನಿಯಾದ್ದು, ಮೊತ್ತ 204 ಕೋಟಿ ಡಾಲರ್.

ಆ ಮೊತ್ತದ ಬಗ್ಗೆಯೂ ಒಂದು ಮಾತು ಹೇಳಬೇಕು. ಜಾಹೀರಾತಿನಲ್ಲಿ ಹಾಕುವ ಆ ಸಂಖ್ಯೆ 30 ಕಂತುಗಳಲ್ಲಿ, 29 ವರ್ಷ ಕೊಡುವ ಒಟ್ಟು ಹಣ. ಒಂದೇ ಸಲಕ್ಕೆ ಬೇಕು ಅಂದರೆ ಸಿಗುತ್ತಿದ್ದದ್ದು 99.76 ಕೋಟಿ ಡಾಲರ್, ಅರ್ಧಕ್ಕಿಂತ ಕಡಿಮೆ. ಅದರ ಮೇಲೆ ತೆರಿಗೆ ಬೇರೆ. ಗೆಲ್ಲುವ ಸಾಧ್ಯತೆ? 69 ಬಿಳಿ ಚೆಂಡುಗಳಲ್ಲಿ ಐದು, 26 ಕೆಂಪು ಚೆಂಡುಗಳಲ್ಲಿ ಒಂದು ಸರಿಯಾಗಿ ಹೊಂದಬೇಕು. 29,22,01,338ರಲ್ಲಿ ಒಂದು. 2011ರ ಜನಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲಿದ್ದದ್ದು 6.11 ಕೋಟಿ ಜನ. ಅಂಥ ಐದು ಕರ್ನಾಟಕಗಳನ್ನು ಒಟ್ಟಿಗೆ ನಿಲ್ಲಿಸಿ, ಕಣ್ಣು ಮುಚ್ಚಿ ಒಬ್ಬರ ಭುಜ ಮುಟ್ಟಿ, ಅದು ನೀವೇ ಆಗಿರಬೇಕು. ಹೆಚ್ಚುಕಡಿಮೆ ಅಷ್ಟು.

ಇನ್ನು ನಂಬರ್ ಎತ್ತುವ ವಿಷಯ. ಇದಕ್ಕೆ ಎರಡು ದಾರಿ. ಒಂದು, ಗಾಜಿನ ಯಂತ್ರದಲ್ಲಿ ಚೆಂಡು ತಿರುಗಿಸುವುದು. ಇನ್ನೊಂದು, ಕಂಪ್ಯೂಟರ್‌ನಿಂದ ನಂಬರ್ ತೆಗೆಸುವುದು. ಕಂಪ್ಯೂಟರ್ ಅಗ್ಗ, ದಿನಕ್ಕೆ ಹತ್ತು ಡ್ರಾ ಬೇಕಾದರೂ ಮಾಡಬಹುದು. ಆದರೂ ದೊಡ್ಡ ದೊಡ್ಡ ಲಾಟರಿಗಳು ಇನ್ನೂ ಚೆಂಡನ್ನು ಬಿಟ್ಟಿಲ್ಲ. ಎಡ್ಡಿ ಟಿಪ್ಟನ್ ಕಥೆ ಕೇಳಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಅಮೆರಿಕದ ಹಲವು ರಾಜ್ಯಗಳ ಲಾಟರಿಗಳು ಸೇರಿ ಕಟ್ಟಿಕೊಂಡ ಒಂದು ಸಂಘವಿದೆ. ಅದರ ಕಚೇರಿ ಇರುವುದು ಅಯೋವಾ ರಾಜ್ಯದಲ್ಲಿ. ಟಿಪ್ಟನ್ ಅಲ್ಲಿ ಕಂಪ್ಯೂಟರ್ ಭದ್ರತೆಯ ಅಧಿಕಾರಿ. ನಂಬರ್ ತೆಗೆಯುವ ಪ್ರೋಗ್ರಾಂ ಬರೆದವನೂ ಅವನೇ. ಅದರೊಳಗೆ ಅವನು ಒಂದು ಸಣ್ಣ ಕಳ್ಳದಾರಿ ಇಟ್ಟಿದ್ದ. ವರ್ಷದಲ್ಲಿ ಮೂರೇ ದಿನ, ಅದೂ ಆ ದಿನ ಬುಧವಾರ ಅಥವಾ ಶನಿವಾರ ಬಿದ್ದಿದ್ದರೆ, ರಾತ್ರಿ ಎಂಟರ ಮೇಲೆ ನಡೆಯುವ ಡ್ರಾದಲ್ಲಿ ಪ್ರೋಗ್ರಾಂ ಬೇರೆ ದಾರಿ ಹಿಡಿಯುತ್ತಿತ್ತು. ಆಗ ಬರುವ ನಂಬರ್‌ಗಳನ್ನು ಮೊದಲೇ ಊಹಿಸಬಹುದಿತ್ತು. ಕೋಟಿಗಟ್ಟಲೆ ಸಾಧ್ಯತೆಗಳು ಕೆಲವು ನೂರಕ್ಕೆ ಇಳಿದುಬಿಡುತ್ತಿದ್ದವು. ಉಳಿದ ದಿನಗಳಲ್ಲಿ ಎಲ್ಲ ಸರಿಯಾಗೇ ನಡೆಯುತ್ತಿದ್ದದ್ದರಿಂದ ವರ್ಷಗಟ್ಟಲೆ ಯಾರಿಗೂ ಸುಳಿವು ಸಿಗಲಿಲ್ಲ.

2010ರ ಡಿಸೆಂಬರ್ 29ರ ಡ್ರಾಕ್ಕೆ ಟಿಪ್ಟನ್ ತಾನೇ ಅಂಗಡಿಗೆ ಹೋಗಿ ಟಿಕೆಟ್ ಕೊಂಡ. ತಲೆಗೆ ಹುಡ್ ಎಳೆದುಕೊಂಡಿದ್ದ. ಜೊತೆಗೆ ಎರಡು ಹಾಟ್‌ಡಾಗ್ ತೆಗೆದುಕೊಂಡ. ಎಲ್ಲ ಅಂಗಡಿಯ ಕ್ಯಾಮೆರಾದಲ್ಲಿ ಬಿತ್ತು. ಆ ಟಿಕೆಟ್‌ಗೆ 1.65 ಕೋಟಿ ಡಾಲರ್ ಬಹುಮಾನ ಬಂತು. ಆದರೆ ಹೋಗಿ ಕೇಳುವ ಹಾಗಿಲ್ಲ, ಸಂಘದ ನೌಕರರು ಆಡುವಂತಿಲ್ಲವಲ್ಲ. ಸುಮಾರು ಒಂದು ವರ್ಷ ಯಾರೂ ಬರಲಿಲ್ಲ. ಗಡುವು ಮುಗಿಯಲು ಇನ್ನೇನು ಸ್ವಲ್ಪವೇ ಹೊತ್ತು ಇದ್ದಾಗ ಬೆಲೀಜ್ ದೇಶದ ಒಂದು ಸಂಸ್ಥೆಯ ಹೆಸರಲ್ಲಿ ವಕೀಲರೊಬ್ಬರು ಬಹುಮಾನ ಕೇಳಿದರು. ಗೆದ್ದವರು ಯಾರು ಅಂತ ಗೊತ್ತಾಗದೆ ದುಡ್ಡು ಕೊಡುವುದಿಲ್ಲ ಅಂತ ಅಯೋವಾ ಪಟ್ಟು ಹಿಡಿಯಿತು. ಆಗಲೇ ಅನುಮಾನ ಶುರುವಾದದ್ದು. 2014ರಲ್ಲಿ ಕ್ಯಾಮೆರಾ ದೃಶ್ಯ ಹೊರಬಿಟ್ಟಾಗ ಜೊತೆಗೆ ಕೆಲಸ ಮಾಡಿದವರೇ ದನಿ ಗುರುತಿಸಿದರು. ತನಿಖೆ ಮುಂದುವರಿದಂತೆ ಕೊಲೊರಾಡೊ, ವಿಸ್ಕಾನ್ಸಿನ್, ಕ್ಯಾನ್ಸಸ್, ಒಕ್ಲಹೋಮ ಡ್ರಾಗಳೂ ಹೊರಬಂದವು. 2017ರಲ್ಲಿ ಅವನು ತಪ್ಪೊಪ್ಪಿಕೊಂಡ. 25 ವರ್ಷದವರೆಗಿನ ಶಿಕ್ಷೆ ಆಯಿತು.

ಹೊರಗಿನಿಂದ ಯಾರೂ ಆ ಕಂಪ್ಯೂಟರ್‌ಗೆ ಕನ್ನ ಹಾಕಿರಲಿಲ್ಲ ಅನ್ನುವುದು ಗಮನಿಸಬೇಕಾದ ವಿಷಯ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಪ್ರೋಗ್ರಾಂ ಬರೆಯುವವನೂ ಅದನ್ನು ಕಾಯುವವನೂ ಒಬ್ಬನೇ ಆಗಿದ್ದದ್ದೇ ಅಲ್ಲಿನ ತೂತು.

ಅಮೆರಿಕದಲ್ಲಿ ಲಾಟರಿ ಆನ್‌ಲೈನ್‌ಗೆ ಬಂದದ್ದೂ ಸಲೀಸಾಗಿ ಅಲ್ಲ. 1961ರ ವೈರ್ ಆ್ಯಕ್ಟ್ ಎಂಬ ಕಾನೂನು ತಂತಿ, ಫೋನ್ ಮೂಲಕ ರಾಜ್ಯದಿಂದ ರಾಜ್ಯಕ್ಕೆ ಬಾಜಿ ಕಟ್ಟುವುದನ್ನು ನಿಷೇಧಿಸಿತ್ತು. ಅದು ಕ್ರೀಡೆಯ ಬಾಜಿಗೆ ಮಾತ್ರ ಅನ್ವಯ ಅಂತ 2011ರ ಕೊನೆಯಲ್ಲಿ ಅಲ್ಲಿನ ನ್ಯಾಯ ಇಲಾಖೆ ಹೇಳಿತು. ಮರುವರ್ಷವೇ ಇಲಿನಾಯ್ ಇಂಟರ್ನೆಟ್‌ನಲ್ಲಿ ಟಿಕೆಟ್ ಮಾರಲು ಶುರು ಮಾಡಿತು. ಸರ್ಕಾರ ಬದಲಾದ ಮೇಲೆ ಇಲಾಖೆ ತನ್ನ ಮಾತನ್ನೇ ತಿರುಗಿಸಿತು. ನ್ಯೂ ಹ್ಯಾಂಪ್‌ಶೈರ್ ಕೋರ್ಟಿಗೆ ಹೋಗಿ, ಮೇಲ್ಮನವಿಯಲ್ಲೂ 2021ರಲ್ಲಿ ಗೆದ್ದಿತು. ಈಗ ಕೆಲವು ರಾಜ್ಯಗಳಲ್ಲಿ ಫೋನ್‌ನಲ್ಲೇ ಟಿಕೆಟ್ ಸಿಗುತ್ತದೆ, ಹಲವು ಕಡೆ ಇಲ್ಲ. ಅಲಬಾಮ, ಅಲಾಸ್ಕ, ಹವಾಯಿ, ನೆವಾಡ, ಯೂಟ ರಾಜ್ಯಗಳಲ್ಲಿ ಲಾಟರಿಯೇ ಇಲ್ಲ. ಹೌದು, ಕ್ಯಾಸಿನೊಗಳ ಊರು ಲಾಸ್ ವೇಗಸ್ ಇರುವ ನೆವಾಡವೇ! ಮಾರುವ ರಾಜ್ಯಗಳು ನೀವು ಗಡಿಯೊಳಗೇ ಇದ್ದೀರಾ ಅಂತ ಫೋನ್‌ನ ಲೊಕೇಶನ್ ನೋಡುತ್ತವೆ. ಗಡಿ ದಾಟಿದರೆ ಆ್ಯಪ್ ಟಿಕೆಟ್ ಕೊಡುವುದಿಲ್ಲ.

ಸರ್ಕಾರವೇ ಮಾರದ ಕಡೆ ಮಧ್ಯವರ್ತಿಗಳು ಹುಟ್ಟಿಕೊಂಡರು. ಅವರನ್ನು ಕೊರಿಯರ್ ಅನ್ನುತ್ತಾರೆ. ನೀವು ಆ್ಯಪ್‌ನಲ್ಲಿ ನಂಬರ್ ಕೊಟ್ಟು ದುಡ್ಡು ಹಾಕಿದರೆ, ಅವರ ಕಡೆಯವರು ಪರವಾನಗಿ ಇರುವ ಅಂಗಡಿಯಲ್ಲಿ ನಿಜವಾದ ಕಾಗದದ ಟಿಕೆಟ್ ತೆಗೆದು, ಸ್ಕ್ಯಾನ್ ಮಾಡಿ ನಿಮಗೆ ಕಳಿಸಿ, ಅಸಲನ್ನು ತಿಜೋರಿಯಲ್ಲಿಡುತ್ತಾರೆ. ಕೇಳಲು ನಿರುಪದ್ರವಿ ವ್ಯವಹಾರ, ಅಲ್ವಾ? ಟೆಕ್ಸಸ್‌ನಲ್ಲಿ ಇದು ಎಲ್ಲಿಗೆ ಹೋಯಿತು ನೋಡಿ.

ಲೊಟ್ಟೊ ಟೆಕ್ಸಸ್‌ನಲ್ಲಿ 54 ನಂಬರ್‌ಗಳಲ್ಲಿ ಆರನ್ನು ಆರಿಸಬೇಕು. ಒಟ್ಟು ಸಾಧ್ಯತೆ 2,58,27,165. ಟಿಕೆಟ್ ಬೆಲೆ ಒಂದು ಡಾಲರ್. ಅಂದರೆ ಸುಮಾರು 2.6 ಕೋಟಿ ಡಾಲರ್ ಇದ್ದರೆ ಎಲ್ಲ ನಂಬರ್‌ಗಳನ್ನೂ ಕೊಂಡುಬಿಡಬಹುದು. ಜಾಕ್‌ಪಾಟ್ ಅದಕ್ಕಿಂತ ಚಿಕ್ಕದಾಗಿರುವವರೆಗೆ ಯಾರೂ ಈ ಹುಚ್ಚು ಮಾಡುವುದಿಲ್ಲ. 2023ರ ಏಪ್ರಿಲ್ ಹೊತ್ತಿಗೆ ತಿಂಗಳುಗಟ್ಟಲೆ ಯಾರೂ ಗೆಲ್ಲದೆ ಅದು 9.5 ಕೋಟಿಗೆ ಏರಿತ್ತು. ಒಂದೇ ಕಂತಿನಲ್ಲಿ ತೆಗೆದುಕೊಂಡರೆ 5.78 ಕೋಟಿ. ಒಂದು ಗುಂಪು ಕೂತು ಲೆಕ್ಕ ಹಾಕಿತು. ಕೆಲವೇ ಜಾಗಗಳಲ್ಲಿ ಸಾಲಾಗಿ ಲಾಟರಿ ಯಂತ್ರಗಳನ್ನು ಇಟ್ಟುಕೊಂಡು, ಮೂರು ದಿನ ಬಿಡದೆ ಟಿಕೆಟ್ ಮುದ್ರಿಸಿ, ಹೆಚ್ಚುಕಡಿಮೆ ಎಲ್ಲ ನಂಬರ್‌ಗಳನ್ನೂ ಕೊಂಡಿತು. ಗೆದ್ದೂ ಗೆದ್ದಿತು. ಒಂದೊಂದೇ ಟಿಕೆಟ್ ಮಾರುವ ಮಾಮೂಲಿ ಅಂಗಡಿಯಲ್ಲಿ ಈ ಕೆಲಸ ಆಗದು. ಕೊರಿಯರ್ ವ್ಯವಹಾರಕ್ಕೆ ಅಂತ ಜೋಡಿಸಿದ್ದ ಯಂತ್ರಗಳಿದ್ದದ್ದರಿಂದಲೇ ಸಾಧ್ಯವಾಯಿತು.

ಆಗಿನ ನಿಯಮದಲ್ಲಿ ಇದನ್ನು ಬೇಡ ಅನ್ನುವ ಸಾಲು ಇರಲಿಲ್ಲ. ನನಗಂತೂ ಇದು ಕಳ್ಳತನಕ್ಕಿಂತ ಹೆಚ್ಚಾಗಿ ಲಾಟರಿ ಇಲಾಖೆಯ ನಿದ್ದೆ ಅನ್ನಿಸುತ್ತದೆ. ಮಾರಾಟ ಒಮ್ಮೆಲೇ ಕೋಟಿ ದಾಟಿದಾಗ ಸರ್ವರ್‌ನಲ್ಲಿ ಅದು ಕಾಣುತ್ತಲೇ ಇರುತ್ತದೆ. 2025ರ ಫೆಬ್ರವರಿಯಲ್ಲಿ ಕೊರಿಯರ್ ಮೂಲಕ ಕೊಂಡ ಇನ್ನೊಂದು ಟಿಕೆಟ್‌ಗೆ 8.35 ಕೋಟಿ ಡಾಲರ್ ಬಂದ ಮೇಲೆ ಗಲಾಟೆ ಜೋರಾಯಿತು. ಕೊರಿಯರ್‌ಗಳಿಗೆ ನಿಷೇಧ ಬಿತ್ತು. ಅದೇ ವರ್ಷ ಟೆಕ್ಸಸ್ ಲಾಟರಿ ಆಯೋಗವನ್ನೇ ಮುಚ್ಚಿ, ಲಾಟರಿಯನ್ನು ಬೇರೆ ಇಲಾಖೆಗೆ ಒಪ್ಪಿಸಿದರು.

ಬ್ರಿಟನ್‌ನ ದಾರಿ ಬೇರೆ. ಅಲ್ಲಿ 1994ರಲ್ಲಿ ಶುರುವಾದ ರಾಷ್ಟ್ರೀಯ ಲಾಟರಿಯನ್ನು ಸರ್ಕಾರ ತಾನೇ ನಡೆಸುವುದಿಲ್ಲ. ಟೆಂಡರ್ ಕರೆದು ಒಂದು ಕಂಪನಿಗೆ ಲೈಸೆನ್ಸ್ ಕೊಡುತ್ತದೆ. ಮೊದಲಿನಿಂದ ಕ್ಯಾಮಲಾಟ್ ಇತ್ತು, 2024ರ ಫೆಬ್ರವರಿಯಿಂದ ಆಲ್ವಿನ್. ಕಣ್ಣಿಡುವುದು ಗ್ಯಾಂಬ್ಲಿಂಗ್ ಕಮಿಷನ್. 2021ರಲ್ಲಿ ಕನಿಷ್ಠ ವಯಸ್ಸನ್ನು 16ರಿಂದ 18ಕ್ಕೆ ಏರಿಸಿದರು. ಗೆದ್ದ ಹಣಕ್ಕೆ ತೆರಿಗೆ ಇಲ್ಲ. 180 ದಿನದೊಳಗೆ ಯಾರೂ ಕೇಳದ ಬಹುಮಾನ ಕಲೆ, ಕ್ರೀಡೆ, ಪರಂಪರೆಯಂಥ ಸಾರ್ವಜನಿಕ ಕೆಲಸಗಳ ನಿಧಿಗೆ ಹೋಗುತ್ತದೆ.

ಸ್ಪೇನ್‌ನದ್ದು ನನಗೆ ಇಷ್ಟವಾದದ್ದು. 1812ರಿಂದ ನಡೆದುಬಂದ ಕ್ರಿಸ್‌ಮಸ್ ಲಾಟರಿಯ ಟಿಕೆಟ್ ಈಗ ಇಂಟರ್ನೆಟ್‌ನಲ್ಲೂ ಸಿಗುತ್ತದೆ. ಆದರೆ ಡಿಸೆಂಬರ್ 22ರ ಡ್ರಾಕ್ಕೆ ಕಂಪ್ಯೂಟರ್ ಬೇಡವೇ ಬೇಡ. ದೊಡ್ಡ ಪಂಜರದಲ್ಲಿ ಒಂದು ಲಕ್ಷ ಮರದ ಗೋಲಿಗಳು, ಒಂದೊಂದು ಗೋಲಿಗೆ ಒಂದೊಂದು ನಂಬರ್. ಮ್ಯಾಡ್ರಿಡ್‌ನ ಸಾನ್ ಇಲ್ಡೆಫಾನ್ಸೊ ಶಾಲೆಯ ಮಕ್ಕಳು ನಂಬರನ್ನೂ ಬಹುಮಾನವನ್ನೂ ರಾಗವಾಗಿ ಹಾಡುತ್ತಾರೆ. ಒಂದು ಟಿಕೆಟ್‌ನ ಹತ್ತನೇ ಒಂದು ಪಾಲಿಗೆ 20 ಯೂರೋ, ಮೊದಲ ಬಹುಮಾನ ಬಂದರೆ ಆ ಪಾಲಿಗೆ 4 ಲಕ್ಷ ಯೂರೋ. ಗೆಲ್ಲುವ ಸಾಧ್ಯತೆ ಲಕ್ಷಕ್ಕೆ ಒಂದು.

ಚೀನಾದಲ್ಲಿ ಎರಡು ಸರ್ಕಾರಿ ಲಾಟರಿಗಳಿವೆ. ಒಂದು ಸಮಾಜ ಕಲ್ಯಾಣಕ್ಕೆ, ಇನ್ನೊಂದು ಕ್ರೀಡೆಗೆ. ಇಂಟರ್ನೆಟ್‌ನಲ್ಲಿ ಜೋರು ವ್ಯಾಪಾರ ನಡೆಯುತ್ತಿತ್ತು. 2015ರ ಆರಂಭದಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಅಂಗಡಿಯಲ್ಲಿ ಮಾತ್ರ ಕೊಳ್ಳಬೇಕು.

ಇವೆಲ್ಲದರ ನಡುವೆ ಲಾಟರಿಯಂತೆ ಕಂಡರೂ ಲಾಟರಿ ಅಲ್ಲದ ಒಂದು ಜಾತಿ ಇದೆ. ಜಿಬ್ರಾಲ್ಟರ್‌ನಲ್ಲಿ 2013ರಲ್ಲಿ ಹುಟ್ಟಿದ ಲೊಟ್ಟೊಲ್ಯಾಂಡ್ ಅದರಲ್ಲಿ ಹೆಸರಾಂತದ್ದು. ನೀವು ಅಲ್ಲಿ ಯೂರೋಜಾಕ್‌ಪಾಟ್ ಆಡಿದರೆ ನಿಮ್ಮ ದುಡ್ಡು ಯೂರೋಜಾಕ್‌ಪಾಟ್‌ಗೆ ಹೋಗುವುದೇ ಇಲ್ಲ. ಆ ಲಾಟರಿಯಲ್ಲಿ ಯಾವ ನಂಬರ್ ಬರುತ್ತದೆ ಅಂತ ಈ ಕಂಪನಿಯ ಜೊತೆ ನೀವು ಬಾಜಿ ಕಟ್ಟಿರುತ್ತೀರಿ, ಅಷ್ಟೇ. ಗೆದ್ದರೆ ಕಂಪನಿಯೇ ಕೊಡಬೇಕು. ಅದಕ್ಕಾಗಿ ಅದು ವಿಮೆ ಮಾಡಿಸಿಕೊಂಡಿರುತ್ತದೆ. 2018ರಲ್ಲಿ ಜರ್ಮನಿಯ ಮಹಿಳೆಯೊಬ್ಬರಿಗೆ 9 ಕೋಟಿ ಯೂರೋ ಕೊಟ್ಟದ್ದೂ ಇದೆ. ಆದರೆ ಸರ್ಕಾರಗಳಿಗೆ ಹೊಟ್ಟೆಯುರಿ ಸಹಜ. ಹೆಸರು, ಡ್ರಾ ಎಲ್ಲ ಅವರದ್ದು, ಆಸ್ಪತ್ರೆ, ಶಾಲೆ, ಕ್ರೀಡೆಗೆ ಹೋಗಬೇಕಾದ ಪಾಲು ಮಾತ್ರ ಶೂನ್ಯ. ಆಸ್ಟ್ರೇಲಿಯ 2019ರ ಜನವರಿಯಿಂದ ಇಂಥ ಬಾಜಿಯನ್ನೇ ನಿಷೇಧಿಸಿತು.

ಕನ್ನಡಿಗರಿಗೆ ಹತ್ತಿರದ ವಿದೇಶಿ ಲಾಟರಿ ಅಂದರೆ ಕೊಲ್ಲಿಯದ್ದು. ಮಂಗಳೂರು, ಉಡುಪಿ, ಭಟ್ಕಳದಿಂದ ದುಬೈ, ಅಬುಧಾಬಿಗೆ ಹೋದವರಲ್ಲಿ ಅಬುಧಾಬಿಯ ಬಿಗ್ ಟಿಕೆಟ್ ಲಾಟರಿಯ ಹೆಸರು ಕೇಳದವರು ಕಡಿಮೆ. ರೂಮಿನವರು, ಆಫೀಸಿನವರು ದುಡ್ಡು ಸೇರಿಸಿ ಒಂದು ಟಿಕೆಟ್ ತೆಗೆಯುವುದು ಮಾಮೂಲಿ. ದುಬೈ ವಿಮಾನ ನಿಲ್ದಾಣದ ಮಳಿಗೆ ದುಬೈ ಡ್ಯೂಟಿ ಫ್ರೀಯ ಮಿಲೇನಿಯಂ ಮಿಲಿಯನೇರ್ ಡ್ರಾ 1999ರಿಂದ ಇದೆ: 5,000 ಟಿಕೆಟ್, ತಲಾ 1,000 ದಿರ್ಹಂ, ಬಹುಮಾನ 10 ಲಕ್ಷ ಡಾಲರ್. ಗುಣಿಸಿ ನೋಡಿ. ಬರುವ ದುಡ್ಡು 50 ಲಕ್ಷ ದಿರ್ಹಂ, ಬಹುಮಾನ ಸುಮಾರು 36.7 ಲಕ್ಷ ದಿರ್ಹಂ. ನೂರಕ್ಕೆ 73ರಷ್ಟು ವಾಪಸ್.

2023ರಲ್ಲಿ ಅಲ್ಲಿನ ಸರ್ಕಾರ ಇಂಥ ಆಟಗಳಿಗೆಲ್ಲ ಒಂದು ಪ್ರಾಧಿಕಾರ ಮಾಡಿತು. ಅಲ್ಲಿಯವರೆಗೆ ನಡೆಯುತ್ತಿದ್ದ ಮಹ್ಜೂಜ್, ಎಮಿರೇಟ್ಸ್ ಡ್ರಾ ನಿಂತವು. 2024ರ ಕೊನೆಗೆ ಯುಎಇ ಲಾಟರಿ ಬಂತು. 50 ದಿರ್ಹಂ ಟಿಕೆಟ್, ಆರಂಭದಲ್ಲಿ 10 ಕೋಟಿ ದಿರ್ಹಂ ಜಾಕ್‌ಪಾಟ್. 31ರಲ್ಲಿ ಆರು ನಂಬರ್, 12ರಲ್ಲಿ ಒಂದು. ಸಾಧ್ಯತೆ 88,35,372ರಲ್ಲಿ ಒಂದು. ಎಲ್ಲ ನಂಬರ್ ಕೊಳ್ಳಲು 44 ಕೋಟಿ ದಿರ್ಹಂ ಬೇಕು. ಟೆಕ್ಸಸ್‌ನ ಆಟ ಇಲ್ಲಿ ನಡೆಯುವುದಿಲ್ಲ.

ನಮ್ಮ ದೇಶಕ್ಕೆ ಬರೋಣ. ಇಲ್ಲಿ ಆನ್‌ಲೈನ್ ಲಾಟರಿ ಅಂದರೆ ಫೋನ್‌ನಲ್ಲಿ ಆಡುವುದು ಅಂತ ಕಾನೂನು ಹೇಳುವುದಿಲ್ಲ. 2010ರ ಲಾಟರಿ ನಿಯಮಗಳ ಪ್ರಕಾರ ಅದು ಕೌಂಟರ್‌ನ ಯಂತ್ರದಲ್ಲಿ ಟಿಕೆಟ್ ತೆಗೆದು, ಆ ಕ್ಷಣವೇ ಕೇಂದ್ರ ಸರ್ವರ್‌ನಲ್ಲಿ ದಾಖಲಾಗುವ ಪದ್ಧತಿ. 2000ದ ದಶಕದ ಆರಂಭದಲ್ಲಿ ಟಿವಿಯಲ್ಲಿ ಡ್ರಾ ತೋರಿಸುತ್ತಿದ್ದ ಪ್ಲೇವಿನ್ ನೆನಪಿದೆಯಾ? ಅದು ಸಿಕ್ಕಿಂ ಸರ್ಕಾರದ ಲಾಟರಿ, ದೇಶದ ಹಲವು ಊರುಗಳ ಕೌಂಟರ್‌ಗಳಲ್ಲಿ ಮಾರಾಟ.

1998ರ ಕೇಂದ್ರ ಕಾನೂನಿನಂತೆ ಲಾಟರಿ ನಡೆಸಬಲ್ಲದ್ದು ರಾಜ್ಯ ಸರ್ಕಾರ ಮಾತ್ರ. ಡ್ರಾ ಆ ರಾಜ್ಯದೊಳಗೇ ಆಗಬೇಕು, ಒಂದಂಕಿ ಲಾಟರಿ ಕೂಡದು. ಕಂಪನಿಗಳು ಏಜೆಂಟರಾಗಿ ಮಾರಬಹುದು, ಅಷ್ಟೇ. ಒಂದು ರಾಜ್ಯ ಬೇರೆ ರಾಜ್ಯದ ಲಾಟರಿಯನ್ನು ನಿಷೇಧಿಸಬಹುದು. ಆದರೆ ತನ್ನದನ್ನು ಇಟ್ಟುಕೊಂಡು ಬೇರೆಯವರದ್ದನ್ನು ಮಾತ್ರ ಬೇಡ ಅನ್ನುವಂತಿಲ್ಲ ಅಂತ 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕರ್ನಾಟಕ 2007ರ ಏಪ್ರಿಲ್ 1ರಿಂದ ಎಲ್ಲ ಲಾಟರಿಯನ್ನೂ ನಿಲ್ಲಿಸಿತು. ಕುಮಾರಸ್ವಾಮಿ ಆಗ ಮುಖ್ಯಮಂತ್ರಿ. ಅದಕ್ಕೂ ಮೊದಲು, 2004ರಲ್ಲಿ, ಬೇರೆ ರಾಜ್ಯಗಳ ಲಾಟರಿ ಮೇಲೆ ನಮ್ಮ ಸರ್ಕಾರ ಹಾಕಿದ್ದ ತೆರಿಗೆಯ ವ್ಯಾಜ್ಯ ಮುಗಿದದ್ದು 2022ರಲ್ಲಿ. ತೆರಿಗೆ ಹಾಕುವ ಅಧಿಕಾರ ಕರ್ನಾಟಕಕ್ಕೆ ಇತ್ತು ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಷ್ಟು ಹೊತ್ತಿಗೆ ಇಲ್ಲಿ ಲಾಟರಿ ಇಲ್ಲದೇ ಹೋಗಿ 15 ವರ್ಷ.

ಪಕ್ಕದ ಕೇರಳದ್ದು ತದ್ವಿರುದ್ಧ. 1967ರಲ್ಲಿ ಶುರು ಮಾಡಿದ ಸರ್ಕಾರಿ ಲಾಟರಿ ಇವತ್ತಿಗೂ ಕಾಗದದ ಟಿಕೆಟೇ. ಇಂಟರ್ನೆಟ್‌ನಲ್ಲಿ ಮಾರುವುದಿಲ್ಲ. ಓಣಂ ಬಂಪರ್ 25 ಕೋಟಿ. ಅದರಲ್ಲಿ ಟಿಕೆಟ್ ಮಾರಿದ ಏಜೆಂಟ್‌ಗೆ ಶೇ 10, ಅಂದರೆ 2.5 ಕೋಟಿ. ಉಳಿದ 22.5 ಕೋಟಿಗೆ ಶೇ 30 ತೆರಿಗೆ. ಕೈಗೆ 15.75 ಕೋಟಿ. ಇದರ ಮೇಲೆ ಆಮೇಲೆ ಸರ್‌ಚಾರ್ಜ್, ಸೆಸ್ ಬೇರೆ. ಟಿಕೆಟ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 40ಕ್ಕೆ ಏರಿದೆ.

ಫೋನ್‌ನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳಿಗೆ, ಅದೃಷ್ಟದ್ದಾಗಲಿ ಚಾಣಾಕ್ಷತನದ್ದಾಗಲಿ, 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು ನಿಷೇಧ ಹಾಕಿದೆ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ವಿದೇಶಿ ಲಾಟರಿ ಟಿಕೆಟ್‌ಗೆ ಭಾರತದಿಂದ ದುಡ್ಡು ಕಳಿಸುವುದನ್ನು ವಿದೇಶಿ ವಿನಿಮಯದ ನಿಯಮಗಳು 2000ದಿಂದಲೇ ನಿಷೇಧಿಸಿವೆ. ಬೆಂಗಳೂರಿನಲ್ಲಿ ಕೂತು ಪವರ್‌ಬಾಲ್ ಆಡಿ ಅಂತ ಕರೆಯುವ ಜಾಹೀರಾತು ಎಷ್ಟೇ ಚಂದ ಇರಲಿ, ದುಡ್ಡು ಹೋಗುವ ದಾರಿಯೇ ಸರಿಯಿಲ್ಲ.

ಇಷ್ಟು ತಿಳಿದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಲಾಟರಿಗಳನ್ನು ಗುರುತಿಸುವುದು ಸುಲಭ. 25 ಲಕ್ಷ ಬಂದಿದೆ, ಮೊದಲು ಪ್ರೊಸೆಸಿಂಗ್ ಫೀ ಕಟ್ಟಿ, ಆಮೇಲೆ ಜಿಎಸ್‌ಟಿ ಕಟ್ಟಿ ಅನ್ನುತ್ತಾರೆ. ಜಿಎಸ್‌ಟಿ ಬೀಳುವುದು ಟಿಕೆಟ್ ಮೇಲೆ, ಗೆದ್ದವರ ಬಹುಮಾನದ ಮೇಲಲ್ಲ. ಬಹುಮಾನದ ಮೂಲ ತೆರಿಗೆಯನ್ನು ಕೊಡುವವರೇ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ನೀವು ಮೊದಲು ಕಳಿಸಬೇಕಾದದ್ದು ಏನೂ ಇಲ್ಲ. ಇನ್ನು ಕೆಲವರು ಕೇರಳ ಬಂಪರ್ ಟಿಕೆಟ್‌ನ ಫೋಟೊ ಕಳಿಸಿ, ಅಸಲು ನಮ್ಮ ಹತ್ತಿರ ಇರುತ್ತದೆ, ಚಿಂತೆ ಬೇಡ ಅನ್ನುತ್ತಾರೆ. ಕೇರಳದಲ್ಲಿ ಬಹುಮಾನ ಬೇಕಿದ್ದರೆ ಗಡುವಿನೊಳಗೆ ಅಸಲು ಟಿಕೆಟ್ ಒಪ್ಪಿಸಬೇಕು. ಅದೇ ಫೋಟೊ ಇನ್ನೆಷ್ಟು ಜನರ ಫೋನ್‌ನಲ್ಲಿದೆ ಅಂತ ಯಾವ ಸರ್ವರ್‌ನಲ್ಲೂ ದಾಖಲಾಗುವುದಿಲ್ಲ.